ಎರೆಮಣ್ಣಿನ ಮೇಲೊಂದು ಡಂಪರ್ ದಾರಿ

ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಸುತ್ತಮುತ್ತ ಬಹಳ ಕಡೆ ನೆಲ ಅಗೆದರೆ ಮೊದಲು ಎರೆಮಣ್ಣು, ಅದರಡಿ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ಅದಕ್ಕೂ ಕೆಳಗೆ ಸುಣ್ಣದ ಕಲ್ಲು ಸಿಗುತ್ತದೆ. ಸಿಮೆಂಟ್ ಕಾರ್ಖಾನೆಗೆ ಬೇಕಾದದ್ದು ಆ ಕಲ್ಲು. ಆದರೆ ಅದನ್ನು ಹೊತ್ತು ತರುವ ಡಂಪರುಗಳು ಎರೆಮಣ್ಣನ್ನು ದಾಟಿಯೇ ಬರಬೇಕು. ಹೆದ್ದಾರಿಯಲ್ಲಿ ನಾಲ್ಕು ಟೈರಿನ ಒಂದು ಆಕ್ಸಲ್ ಮೇಲೆ, 2018ರಲ್ಲಿ ಭಾರದ ಮಿತಿ ಹೆಚ್ಚಿಸಿದ ನಂತರವೂ, 11.5 ಟನ್ನಿಗಿಂತ ಹೆಚ್ಚು ಭಾರ ಹಾಕುವಂತಿಲ್ಲ. 35 ಟನ್ ಕಲ್ಲು ತುಂಬಿಕೊಂಡ ಡಂಪರಿನ ಹಿಂದಿನ ಆಕ್ಸಲ್ ಮೇಲೆ ಬೀಳುವುದು 40 ಟನ್ನಿನ ಆಸುಪಾಸು. ಡಾಂಬರು ರಸ್ತೆಯ ಕೆಲಸ ಮಾಡಿಕೊಂಡು ಬಂದಿದ್ದ ನನಗೆ ಗಣಿಯ ದಾರಿ ಬೇರೆಯೇ ವಿದ್ಯೆ ಎಂಬುದು ಮನದಟ್ಟಾದದ್ದು ಒಂದು ಸೆಪ್ಟೆಂಬರ್ ತಿಂಗಳಲ್ಲಿ.

ರಾತ್ರಿಯಿಡೀ ಮಳೆಯಾಗಿತ್ತು. ಗಣಿಯಿಂದ ಮೇಲೇರುವ ಇಳಿಜಾರಿನ ಬುಡದಲ್ಲಿ, ದಾರಿ ತಿರುಗುವ ಕಡೆ, ಡಂಪರಿನ ಗಾಲಿಗಳು ಅರ್ಧ ಗೇಣು ಹೂಳುತ್ತಿದ್ದವು. ನೋಡುವವರಿಗೆ ಇದು ಬರೀ ಕೆಸರಿನ ತೊಂದರೆ ಎನಿಸಬಹುದು. ಆದರೆ ಟೈರು ಒಂದು ಸೆಂಟಿಮೀಟರ್ ಹೂತರೆ ಗಾಡಿ ಎಳೆಯುವ ಶ್ರಮ ಸುಮಾರು ಶೇ. 0.6ರಷ್ಟು ಏರಿಗೆ ಸಮನಾಗಿ ಹೆಚ್ಚುತ್ತದೆ ಎಂಬುದು ಈ ಕ್ಷೇತ್ರದ ರೂಢಿಯ ಲೆಕ್ಕ. ಹತ್ತು ಸೆಂಟಿಮೀಟರ್ ಹೂತರೆ ಸಮತಟ್ಟಾದ ನೆಲದಲ್ಲಿಯೂ ಡಂಪರು ಹದಿನಾರಕ್ಕೆ ಒಂದರ ಏರನ್ನು ಹತ್ತಿದಂತಾಗುತ್ತದೆ. ಡೀಸೆಲ್ಲು, ಟೈರು, ಗೇರುಬಾಕ್ಸು ಎಲ್ಲವೂ ಅದಕ್ಕೆ ದಂಡ ತೆರುತ್ತವೆ.

ಗುತ್ತಿಗೆದಾರರ ಸೂಪರ್‌ವೈಸರ್ ಅವಸರದಲ್ಲಿದ್ದರು. ಎರಡು ಅಡಿ ಗರಸನ್ನು ಒಮ್ಮೆಲೇ ಸುರಿದುಬಿಡೋಣ, ಡಂಪರುಗಳೇ ಓಡಾಡಿ ತುಳಿದು ಗಟ್ಟಿ ಮಾಡುತ್ತವೆ ಎಂಬುದು ಅವರ ವಾದ. ರೋಲರ್ ನಡೆಸುವ ಕಾಕಾ ಮಾತ್ರ ಯಂತ್ರದಿಂದ ಇಳಿಯದೆಯೇ ಹೇಳಿದರು: “ಸಾಹೇಬ್ರ, ಕೆಳಗ ಹಾಸಿಗಿ ಮೆತ್ತಗಿದ್ದರ ಮ್ಯಾಲೆ ಎಷ್ಟ ಹೊಚ್ಚಿದರೇನ್ರೀ?” ಅವರು ಹಲವು ವರ್ಷ ಚಂದ್ರಪುರದ ಕಡೆಯ ತೆರೆದ ಕಲ್ಲಿದ್ದಲು ಗಣಿಗಳಲ್ಲಿ, 100 ಟನ್ ಹೊರುವ ಡಂಪರುಗಳ ದಾರಿಗೆ ರೋಲರ್ ಹೊಡೆದವರು. ಅಲ್ಲಿ ಮರಳುಗಲ್ಲಿನ ಪುಡಿಗಲ್ಲನ್ನು ದಾರಿಗೆ ಹಾಕುತ್ತಿದ್ದರಂತೆ. ಶೇಲ್ ಕಲ್ಲನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲವಂತೆ. ಶೇಲ್ ನೀರು ಕುಡಿದರೆ ಪದರು ಬಿಟ್ಟು ಕೆಸರಾಗುತ್ತದೆ, ಅದರಲ್ಲಿ ಕಲ್ಲಿದ್ದಲಿನ ಅಂಶ ಬೆರೆತಿದ್ದರೆ ತಾನೇ ಕಾದು ಹೊಗೆಯಾಡುವ ಅಪಾಯವೂ ಉಂಟು. ನಮ್ಮಲ್ಲಿ ಆ ಭಯವಿಲ್ಲ, ಆದರೆ ಎರೆಮಣ್ಣು ಅದಕ್ಕೇನು ಕಡಿಮೆಯಲ್ಲ: ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ.

ಕೊನೆಗೆ ಮೆತ್ತಗಾದ ಮಣ್ಣನ್ನೆಲ್ಲ ತೆಗೆಸಿ, ತಳಕ್ಕೆ ಗಣಿಯದೇ ಒರಟು ಕಲ್ಲು ಹಾಸಿ, ಅದರ ಮೇಲೆ ಗರಸನ್ನು 200 ಮಿಲಿಮೀಟರಿಗೂ ಮೀರದ ಪದರುಗಳಲ್ಲಿ ಹರಡಿಸಿದೆವು. ರೋಲರಿನ ಕಂಪನದ ಬಲ ಮೇಲಿನಿಂದ ಕೆಳಗಿಳಿದಂತೆ ಕುಂದುತ್ತದೆ. ಪದರು ದಪ್ಪವಾದರೆ ಮೇಲ್ಮೈ ಕಲ್ಲಿನಂತೆ ಕಂಡರೂ ಒಳಗೆ ಸಡಿಲವೇ ಉಳಿಯುತ್ತದೆ.

ನಿಜವಾದ ಕಸುಬು ಇರುವುದು ನೀರಿನಲ್ಲಿ. ನೀರು ಕಡಿಮೆಯಾದರೆ ಕಣಗಳು ಒಂದರ ಪಕ್ಕ ಒಂದು ಜಾರಿ ಕೂರುವುದಿಲ್ಲ. ಹೆಚ್ಚಾದರೆ ಕಣಗಳ ನಡುವಿನ ಜಾಗವನ್ನು ನೀರೇ ಹಿಡಿದುಕೊಳ್ಳುತ್ತದೆ, ನೀರನ್ನಂತೂ ಯಾವ ರೋಲರೂ ಒತ್ತಿ ಕುಗ್ಗಿಸಲಾರದು. ಈ ಎರಡರ ನಡುವಿನ ಹದವನ್ನು 1933ರಲ್ಲಿ ಅಮೆರಿಕದ ಪ್ರಾಕ್ಟರ್ ಎಂಬ ಎಂಜಿನಿಯರ್ ಅಳತೆಗೆ ತಂದರು. ನಮ್ಮ ಗರಸಿಗೆ ಆ ಹದ, ಒಣ ಗರಸಿನ ತೂಕದ ಶೇ. 10ರ ಸಮೀಪದಷ್ಟು ನೀರು ಎಂದು ಪ್ರಯೋಗಾಲಯ ಹೇಳಿತ್ತು. ಕಾಕಾ ಒಂದು ಮುಷ್ಟಿ ಗರಸನ್ನು ಬಿಗಿಯಾಗಿ ಅಮುಕಿ ಅಂಗೈ ಬಿಚ್ಚಿದರು. ಉಂಡೆ ನಿಂತಿತು, ಅಂಗೈ ಒದ್ದೆಯಾಗಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿದಾಗ ಪುಡಿಯಾಗದೆ ಎರಡು ಹೋಳಾಯಿತು. “ಇನ್ನ ಟ್ಯಾಂಕರ್ ಹಿಂದಕ್ಕ ಕಳಸ್ರಿ” ಎಂದರು. ಮೊದಲ ಸುತ್ತನ್ನು ಕಂಪನವಿಲ್ಲದೆ, ನಂತರ ಕಂಪನ ಹಾಕಿ, ಅಂಚಿನಿಂದ ನಡುವಿಗೆ, ಪ್ರತಿ ಪಟ್ಟಿಯೂ ಹಿಂದಿನದರ ಮೇಲೆ ಸ್ವಲ್ಪ ಹತ್ತುವಂತೆ, ನಡಿಗೆಯ ವೇಗದಲ್ಲಿ ಹೊಡೆದರು.

ಮುಷ್ಟಿಯ ಪರೀಕ್ಷೆಯನ್ನು ನಾನು ಗೌರವಿಸುತ್ತೇನೆ, ಆದರೆ ಅದನ್ನೇ ನಂಬಿ ಸಹಿ ಹಾಕುವುದಿಲ್ಲ. ಗುಂಡಿ ತೆಗೆದು ಮರಳು ತುಂಬಿಸಿ ಸಾಂದ್ರತೆ ಅಳೆಯುವ ಪರೀಕ್ಷೆಯನ್ನು ಮಾಡಿಸಿದಾಗ ದಾರಿಯ ನಡುವೆ ಅದು ಬೇಕಾದ ಮಟ್ಟವನ್ನು, ಅಂದರೆ ಪ್ರಯೋಗಾಲಯದಲ್ಲಿ ಸಿಕ್ಕ ಗರಿಷ್ಠ ಸಾಂದ್ರತೆಯ ಶೇ. 97ನ್ನು, ದಾಟಿತ್ತು, ಹೊರ ಅಂಚಿನಲ್ಲಿ ಮಾತ್ರ 93ಕ್ಕೆ ನಿಂತಿತ್ತು. ಕಾರಣ ಕಣ್ಣೆದುರಿಗೇ ಇತ್ತು: ಗಾಡಿ ದಾರಿಯಿಂದಾಚೆ ಉರುಳದಂತೆ ತಡೆಯುವ ಬದಿಯ ಒಡ್ಡನ್ನು ಮೊದಲೇ ಕಟ್ಟಿಬಿಟ್ಟಿದ್ದರಿಂದ ರೋಲರಿನ ಉರುಳೆ ಅಂಚಿನವರೆಗೆ ಹೋಗಲು ಜಾಗವೇ ಇರಲಿಲ್ಲ. ಆ ಒಡ್ಡು ಅತಿ ದೊಡ್ಡ ಗಾಡಿಯ ಟೈರಿನ ವ್ಯಾಸದಷ್ಟು ಎತ್ತರವಿರಬೇಕೆಂಬ ನಿಯಮಕ್ಕೆ ಹೆದರಿ ಸೂಪರ್‌ವೈಸರ್ ಅದನ್ನೇ ಮೊದಲು ಮುಗಿಸಿದ್ದರು. ಸುರಕ್ಷತೆಯ ಕಾಳಜಿ ತಪ್ಪಲ್ಲ, ಅನುಕ್ರಮ ತಪ್ಪು. ಒಡ್ಡನ್ನು ಹಿಂದಕ್ಕೆ ಸರಿಸಿ, ಅಂಚನ್ನು ಕೆದಕಿ, ನೀರುಣಿಸಿ, ಮತ್ತೆ ಹೊಡೆಸಿದೆವು.

ನಡುವೆ ಎತ್ತರ, ಬದಿಗೆ ಇಳಿಜಾರು ಇಟ್ಟಿದ್ದಾಯಿತು. ಆದರೆ ನೀರು ಹರಿದು ಹೋಗಲು ಚರಂಡಿ ತೋಡುವ ಯಂತ್ರ ಮರುದಿನ ಮಧ್ಯಾಹ್ನದವರೆಗೂ ಬರಲಿಲ್ಲ. ಸೂಪರ್‌ವೈಸರ್ ಎಷ್ಟು ಫೋನು ಮಾಡಿದರೂ, ಅಲ್ಲಿಯವರೆಗೆ ತುಂಬಿದ ಡಂಪರುಗಳನ್ನು ಆ ದಾರಿಗೆ ಬಿಡಲು ನಾನು ಒಪ್ಪಲಿಲ್ಲ.