ಬೆರಳು ನಂಬಿದ್ದೇ ಬೇರೆ

ಜನ ಸಾಫ್ಟ್‌ವೇರನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಪಕ್ಕದಲ್ಲಿ ಕೂತು ನೋಡುವುದು ನನ್ನ ಕೆಲಸ. ಶುರುವಿನಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆ: "ಇದು ಹೇಗೆ ಕೆಲಸ ಮಾಡುತ್ತೆ ಅನ್ಸುತ್ತೆ?" ಚೆನ್ನಾಗೇ ಉತ್ತರ ಕೊಡುತ್ತಿದ್ದರು. ಅದನ್ನೇ ನಂಬಿ ವರದಿ ಬರೆಯುತ್ತಿದ್ದೆ.

ಒಂದು ದಿನ, ಫೋಟೊಗಳನ್ನು ಕ್ಲೌಡ್ ಜೊತೆ ಸಿಂಕ್ ಮಾಡುವ ಆ್ಯಪ್ ನೋಡುತ್ತಿದ್ದೆವು. "ಫೋನಲ್ಲಿ ಏನಿರುತ್ತೋ ಕ್ಲೌಡಲ್ಲೂ ಅದೇ ಇರುತ್ತೆ" ಅಂತ ಅದನ್ನು ಬಳಸುತ್ತಿದ್ದ ಮಹಿಳೆ ಸರಿಯಾಗೇ ಹೇಳಿದರು. ಸ್ವಲ್ಪ ಹೊತ್ತಿಗೆ ಫೋನಿನ ಜಾಗ ತುಂಬಿತು. ಅವರು ಇಡೀ ಆಲ್ಬಂ ಆರಿಸಿ ಡಿಲೀಟ್ ಮೇಲೆ ಬೆರಳು ತಂದರು. ನಾನು ತಡೆದೆ. "ಒತ್ತಿದರೆ ಏನಾಗುತ್ತೆ?"

"ಇಲ್ಲಿಂದ ಹೋಗುತ್ತೆ. ಮೇಲಿರೋದು ಮೇಲೇ ಇರುತ್ತೆ ಅಲ್ವಾ?"

ಅವರ ಮನಸ್ಸಿನಲ್ಲಿ ಕ್ಲೌಡ್ ಅಂದರೆ ಅಟ್ಟ. ಮೇಲೆ ಒಂದು ಇಟ್ಟಾಯಿತು, ಕೆಳಗಿನದನ್ನು ಎಸೆಯಬಹುದು. ಇದು ದಡ್ಡತನ ಖಂಡಿತ ಅಲ್ಲ. ಬ್ಯಾಕಪ್, ಅಂದರೆ ಬೇರೆಯಾಗಿ ಎತ್ತಿಟ್ಟ ನಕಲು, ಆಗಿದ್ದರೆ ಈ ಲೆಕ್ಕ ಸರಿಯೇ. ಸಿಂಕ್‌ನಲ್ಲಿ ಮಾತ್ರ ಎರಡೂ ಕಡೆ ಅಳಿಸಿಹೋಗುತ್ತದೆ.

ನನ್ನ ಪ್ರಶ್ನೆಗೆ ಅವರು ಕೊಟ್ಟ ವಿವರಣೆ ಆ ಗಳಿಗೆಯಲ್ಲಿ ಹೆಣೆದದ್ದು. ಬೆರಳು ನಡೆದದ್ದು ಅಟ್ಟದ ಲೆಕ್ಕದಲ್ಲಿ. ಜನ ವಸ್ತುಗಳನ್ನು ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡಿದ ಡಾನ್ ನಾರ್ಮನ್ 1983ರಲ್ಲೇ ಈ ಬಗ್ಗೆ ಎಚ್ಚರಿಸಿದ್ದರು: ಜನ ಹೇಳುವುದೂ ಮಾಡುವುದೂ ಬೇರೆ ಆಗಬಹುದು, ಕಾರಣ ಕೇಳಿದರೆ ಏನೋ ಒಂದು ಕಾರಣ ಹುಟ್ಟಿಕೊಳ್ಳುತ್ತದೆ. ಕ್ಯಾಲ್ಕುಲೇಟರಿನಲ್ಲಿ ಒಂದು ಸಲ ಸಾಕಾದ ಕ್ಲಿಯರ್ ಗುಂಡಿಯನ್ನು ಜನ ಮತ್ತೆ ಮತ್ತೆ ಒತ್ತುವುದನ್ನು ಅವರು ನೋಡಿದ್ದರು. ನನಗೆ ಜಾಸ್ತಿ ಹಿಡಿಸಿದ್ದು ಸಂಶೋಧಕ ವಿಲ್ಲೆಟ್ ಕೆಂಪ್ಟನ್ 1986ರಲ್ಲಿ ಬರೆದ ಥರ್ಮೋಸ್ಟ್ಯಾಟ್ ಅಧ್ಯಯನ. ಥರ್ಮೋಸ್ಟ್ಯಾಟ್ ಅಂದರೆ ಮನೆ ನಾವು ಹೇಳಿದಷ್ಟು ಬಿಸಿಯಾದಾಗ ಹೀಟರ್ ನಿಲ್ಲಿಸುವ ಸಾಧನ. ಕೆಲವರು ಅದನ್ನು ನಲ್ಲಿ ಥರ ತಿಳಿದಿದ್ದರು: ಜಾಸ್ತಿ ತಿರುಗಿಸಿದರೆ ಮನೆ ಬೇಗ ಬಿಸಿಯಾಗುತ್ತೆ ಅಂತ. ತಪ್ಪು ಕಲ್ಪನೆ, ಆದರೂ ದಿನನಿತ್ಯಕ್ಕೆ ಹೇಗೋ ಸಾಗುತ್ತದೆ. ಸಾಗುವುದರಿಂದಲೇ ಉಳಿದುಕೊಳ್ಳುತ್ತದೆ.

ಈಗ ನಾನು ವಿವರಣೆ ಕೇಳುವುದು ಕೊನೆಯಲ್ಲಿ. ಮೊದಲು, ಒತ್ತುವ ಮುಂಚೆ, "ಈಗ ಏನಾಗುತ್ತೆ?" ಅಷ್ಟೇ. ಆಮೇಲೆ ಸುಮ್ನೆ ಕಾಯುತ್ತೇನೆ. ಅವರು ಅಂದುಕೊಂಡದ್ದು ಒಂದು, ಪರದೆ ತೋರಿಸಿದ್ದು ಇನ್ನೊಂದು ಆದಾಗ ಮುಖ ಒಂದು ಕ್ಷಣ ನಿಲ್ಲುತ್ತದೆ. ನನ್ನ ಟಿಪ್ಪಣಿ ಅಲ್ಲಿಂದ ಶುರು.

ಡಿಲೀಟ್ ಒತ್ತಿದಾಗ ಬರುವ ಸಂದೇಶವನ್ನು ತಂಡ ಬದಲಾಯಿಸಿತು: "ಫೋನ್, ಕ್ಲೌಡ್ ಎರಡರಿಂದಲೂ ಹೋಗುತ್ತದೆ." ಮುಂದಿನ ಸುತ್ತಿನಲ್ಲಿ ಒಬ್ಬರು ಅದನ್ನು ಓದಿ ಬೆರಳು ಹಿಂದೆಳೆದರು. "ಹಾಗಾದ್ರೆ ಮೇಲಿರೋದು ಬೇರೆ ಕಾಪಿ ಅಲ್ವಾ?" ಅಂತ ಕೇಳಿದರು.