ಬಾಣ ನಿಲ್ಲಬೇಕು, ಆಮೇಲೆ ಕೈಗೂ ಬರಬೇಕು

ಕ್ರಾಸ್‌ಬೋ (ಬಂದೂಕಿನ ಹಾಗೆ ಹಿಡಿದು, ಕುದುರೆ ಒತ್ತಿ ಬಾಣ ಬಿಡುವ ಅಡ್ಡಬಿಲ್ಲು) ತಂದ ವಾರವೇ ಪಕ್ಕದ ಮನೆ ಮಾವ ಬೇಲಿ ದಾಟಿ ಬಂದರು. ಅದನ್ನು ಎತ್ತಿ ತೂಕ ನೋಡಿ, "ಏನೋ ಮಾರಾಯ, ಮಂಗನಿಗಾ ಇದು?" ಅಂದರು. ತೀರ್ಥಹಳ್ಳಿ ಕಡೆ ತೋಟ ಇದ್ದವರಿಗೆ ಬೇರೆ ಪ್ರಶ್ನೆ ಹೊಳೆಯುವುದಿಲ್ಲ ಬಿಡಿ. ಅಲ್ಲ ಮಾವ, ಕಾಡುಪ್ರಾಣಿ ಬೇಟೆಗೆ 1972ರ ಕಾಯಿದೆ ಇದೆ, ಇದು ಸುಮ್ನೆ ಗುರಿ ಹೊಡೆಯೋಕೆ ಅಂದೆ. "ಅದಕ್ಕೆ ಕ್ಯಾಟರ್‌ಬಿಲ್ಲು ಸಾಲದಾ?" ಅಂತ ನಕ್ಕು ಹೋದರು.

ಸರಿ, ಗುರಿ ಹೊಡೆಯಬೇಕು. ಯಾವುದಕ್ಕೆ? ಇದನ್ನು ನಾನು ಮೊದಲು ಯೋಚನೆಯೇ ಮಾಡಿರಲಿಲ್ಲ. ದುಡ್ಡೆಲ್ಲ ಬಿಲ್ಲಿಗೇ ಹೋಗಿತ್ತು.

ಮೊದಲ ಪ್ರಯೋಗ ಗೋಣಿಚೀಲ, ಒಳಗೆ ಕೊಟ್ಟಿಗೆಯ ಒಣಹುಲ್ಲು. ಹಿಂದೆ ಧರೆ, ಅಂದರೆ ಕಡಿದ ಮಣ್ಣಿನ ಗೋಡೆ. ಇಪ್ಪತ್ತು ಮೀಟರ್ ದೂರದಿಂದ ಬಿಟ್ಟೆ. ಚೀಲ ಅಲ್ಲಾಡಲೂ ಇಲ್ಲ, ಹತ್ತಿರ ಹೋದರೆ ಬಾಣವೂ ಇಲ್ಲ! ಅದು ಹುಲ್ಲು ದಾಟಿ ಧರೆಯ ಜಂಬಿಟ್ಟಿಗೆಗೆ ಬಡಿದು, ಮುಂದಿನ ಒಂದು ಗೇಣು ಕಡ್ಡಿ ಸೀಳಿಹೋಗಿತ್ತು. ಕಾರ್ಬನ್ ಬಾಣ ಒಮ್ಮೆ ಸೀಳಿದರೆ ಮುಗೀತು, ಮತ್ತೆ ಬಿಡಬಾರದು. ಕೂದಲೆಳೆಯಷ್ಟು ಬಿರುಕಿದ್ದರೂ ಬಿಡುವಾಗಲೇ ಚೂರಾಗಿ ಕೈಗೆ ಚುಚ್ಚಬಹುದು. ಅದಕ್ಕೇ ಈಗ ಪ್ರತಿ ಸಲ ಕಿತ್ತ ಮೇಲೆ ಬಾಣವನ್ನು ಸ್ವಲ್ಪ ಬಗ್ಗಿಸಿ, ಕಿವಿ ಹತ್ತಿರ ಹಿಡಿದು ಚಟಪಟ ಅನ್ನುತ್ತದಾ ಅಂತ ಕೇಳುತ್ತೇನೆ. (ಕ್ರಾಸ್‌ಬೋದ ಬಾಣಕ್ಕೆ ಬೋಲ್ಟ್ ಅಂತಾರೆ. ಆದರೆ ನಮ್ಮೂರಲ್ಲಿ ಬೋಲ್ಟ್ ಅಂದರೆ ನಟ್ಟು-ಬೋಲ್ಟೇ, ಹಾಗಾಗಿ ಬಾಣ ಅಂತಲೇ ಬರೆಯುತ್ತೇನೆ.)

ಹುಲ್ಲು ಯಾಕೆ ಸಾಲಲಿಲ್ಲ ಅಂತ ಆಮೇಲೆ ಲೆಕ್ಕ ಹಾಕಿದೆ. ಒಲಿಂಪಿಕ್ಸ್‌ನಲ್ಲಿ ಬಿಡುವಂಥ ಮಾಮೂಲಿ ಬಿಲ್ಲಿನ ಬಾಣ 20 ಗ್ರಾಂ ಇದ್ದು, ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ 36 ಜೂಲ್. ನನ್ನದು 26 ಗ್ರಾಂ, ವೇಗ ಹತ್ತಿರ ಹತ್ತಿರ 97 ಮೀಟರ್, ಅಂದರೆ 120 ಜೂಲ್ ದಾಟಿತು. ಮೂರು ಪಟ್ಟಿಗೂ ಜಾಸ್ತಿ. ತೂಕ ಹೆಚ್ಚಿದ್ದಕ್ಕಿಂತ ವೇಗ ಹೆಚ್ಚಿದ್ದೇ ಇಲ್ಲಿ ಮುಖ್ಯ, ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಗುರಿ ಕೊಳ್ಳುವಾಗ ಮಾಮೂಲಿ ಬಿಲ್ಲಿನದನ್ನು ತಗೋಬೇಡಿ. ಕ್ರಾಸ್‌ಬೋಗೆ ಆಗುತ್ತದಾ, ಎಷ್ಟು ವೇಗದವರೆಗೆ ತಡೆಯುತ್ತದೆ ಅಂತ ನೋಡಿ.

ಹುಲ್ಲಿನ ಚೀಲ ಅಲ್ಲೇ ಬಿದ್ದಿತ್ತು. ಒಂದು ಮಳೆಗಾಲ, ಅಷ್ಟೇ. ನಮ್ಮದು ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆ ಮಳೆಯಲ್ಲ, ಆದರೂ ಚೀಲ ಕೊಳೆತು, ಉಳಿದಿದ್ದಕ್ಕೆ ಗೆದ್ದಲು ಬಂತು.

ಆಮೇಲೆ ಒಂದು ಫೋಮ್ ಬ್ಲಾಕ್ ತರಿಸಿದೆ. ಹಾಳೆ ಹಾಳೆ ಒತ್ತಿ ಬಿಗಿದಿದ್ದು. ನಿಲ್ಲಿಸುವ ವಿಷಯದಲ್ಲಿ ಮಾತೇ ಇಲ್ಲ, ಬಾಣ ಗಚ್ಚನೆ ನಿಂತಿತು. ಆದರೆ ಕೀಳೋಕೆ ಹೋದರೆ ಬರಬೇಕಲ್ಲ! ತಮ್ಮ ಬ್ಲಾಕನ್ನು ಕಾಲಲ್ಲಿ ಒತ್ತಿ ಹಿಡಿದು, ನಾನು ಟಯರ್ ಟ್ಯೂಬಿನ ತುಂಡು ಸುತ್ತಿ ಜಗ್ಗಿ, ಇಬ್ಬರೂ ಸಗಣಿ ಗುಂಡಿ ಪಕ್ಕ ಅಂಗಾತ ಬಿದ್ದೆವು. ಉಜ್ಜುವ ಬಿಸಿಗೆ ಫೋಮ್ ಕರಗಿ ಬಾಣಕ್ಕೆ ಅಂಟಿಕೊಳ್ಳುತ್ತದೆ. ಬಾಣದ ಮುಂದಿನ ಭಾಗಕ್ಕೆ ಒಣ ಸೋಪು ಸವರಿದರೆ ಸಾಕಷ್ಟು ಸುಲಭವಾಗುತ್ತದೆ, ಅದು ಗೊತ್ತಾಗಿದ್ದು ತಡವಾಗಿ. ಇನ್ನೊಂದು ತಪ್ಪು ಪೂರ್ತಿ ನನ್ನದೇ. ನಡುವಿನ ಕೆಂಪು ಚುಕ್ಕಿಗೇ ಹೊಡೆದೂ ಹೊಡೆದೂ, ಸುತ್ತ ಎಲ್ಲ ಹೊಸದಾಗಿಯೇ ಇತ್ತು, ನಡುವೆ ಮಾತ್ರ ಮುಷ್ಟಿ ಹೋಗುವಷ್ಟು ತೂತು.

ಈಗ ಇರುವುದು ಬಟ್ಟೆ ಚೀಲ. ಇದು ಮೂರನೇ ವರ್ಷ. ಒಳಗೆ ರಸಗೊಬ್ಬರದ ಪ್ಲಾಸ್ಟಿಕ್ ಚೀಲ, ಹೊರಗೆ ಗೋಣಿ. ತುಂಬಿದ್ದು ಹಳೇ ಬಟ್ಟೆ, ನಡುವೆ ನರ್ಸರಿಯ ಹರಿದ ಶೇಡ್ ನೆಟ್. ಅಮ್ಮ ಮಸಿಬಟ್ಟೆಗೆ ಅಂತ ಎತ್ತಿಟ್ಟ ನೂಲು ಸೀರೆಗಳೂ ಒಳಗೆ ಸೇರಿವೆ, ಅವರಿಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಗುಂಡಿ, ಜಿಪ್ಪು, ಹುಕ್ಕು ಎಲ್ಲ ಕತ್ತರಿಸಿ ತೆಗೆಯಲೇಬೇಕು. ಒಂದು ಪ್ಯಾಂಟಿನ ಜಿಪ್ಪು ಬಿಟ್ಟುಹೋಗಿ ಒಂದು ಬಾಣದ ಮೈ ಗೀಚಿಹೋಯಿತು. ಒಂದು ಪದರ ಹಾಕಿ ಕಾಲಲ್ಲಿ ತುಳಿಯುವುದು, ಮತ್ತೆ ಹಾಕಿ ತುಳಿಯುವುದು. ಮುಷ್ಟಿಯಿಂದ ಗುದ್ದಿದರೆ ಕೈ ನೋಯಬೇಕು, ಅಷ್ಟು ಗಟ್ಟಿ. ಸಾದಾ ಮೊನೆಯ ಬಾಣ ಇದರಿಂದ ಎರಡು ಬೆರಳಲ್ಲಿ ಬರುತ್ತದೆ. ಬ್ಲೇಡ್ ಇರುವ ಮೊನೆ ಮಾತ್ರ ಇದಕ್ಕೆ ಬೇಡ, ಚೀಲವನ್ನು ಕುಯ್ದು ಹಾಕುತ್ತದೆ.

ನಡುವೆ ಒಂದು ದೊಡ್ಡ ಚುಕ್ಕಿ ಬಿಡಿಸಿಲ್ಲ. ಐದು ಸಣ್ಣ ಚುಕ್ಕಿ, ಒಂದಕ್ಕೆ ಒಂದೇ ಬಾಣ. ಚೀಲವೂ ಒಂದೇ ಕಡೆ ಸವೆಯುವುದಿಲ್ಲ, ಬಾಣದ ಬಾಲಕ್ಕೆ ಇನ್ನೊಂದು ಬಾಣ ಬಡಿಯುವುದೂ ಇಲ್ಲ. ಒಂದರ ಹಿಂದೆ ಒಂದು ನೆಟ್ಟಾಗ ಖುಷಿ ಆಗುತ್ತದೆ ನಿಜ, ಆದರೆ ಎರಡು ಬಾಣದ ದುಡ್ಡು ಹೋಗುತ್ತದಲ್ಲ.

ಚೀಲ ನೇತುಹಾಕಿದ್ದು ಕೊಟ್ಟಿಗೆ ಮಾಡಿನ ಕೆಳಗೆ, ನೆಲದಿಂದ ಎರಡಡಿ ಮೇಲೆ. ಇರಚಲು ಹೊಡೆಯಬಾರದು, ಗೆದ್ದಲು ಹತ್ತಬಾರದು. ಹಿಂದೆ ಧರೆ ಇದ್ದೇ ಇದೆ. ಆದರೂ ದನ ಹೊರಗೆ ಹೋದ ಮೇಲೆಯೇ ಹೊಡೆಯುವುದು. ಇನ್ನೊಂದು ಉಪಯೋಗವೂ ಇದೆ. ಎಳೆದಿಟ್ಟ ಕ್ರಾಸ್‌ಬೋವನ್ನು ಬಾಣ ಇಲ್ಲದೆ ಬಿಟ್ಟರೆ ಅದು ಮುರಿದೇ ಹೋಗಬಹುದು. ಕೆಲಸ ಮುಗಿದ ಮೇಲೆ ಹಳೇ ಬಾಣ ಒಂದನ್ನು ಈ ಚೀಲಕ್ಕೇ ಬಿಟ್ಟು ದಾರ ಸಡಿಲ ಮಾಡುತ್ತೇನೆ.

ಕೆಲಸ ಇಲ್ಲ ಅಂತಲ್ಲ. ಬಟ್ಟೆ ಕೆಳಗೆ ಕೂತು ಮೇಲೆ ಸಡಿಲ ಆಗುತ್ತದೆ, ಆರು ತಿಂಗಳಿಗೊಮ್ಮೆ ಬಿಚ್ಚಿ ಮತ್ತೆ ತುಂಬಬೇಕು. ಹೊರಗಿನ ಗೋಣಿ ಎರಡು ಸಲ ಬದಲಾಯಿಸಿದ್ದೇನೆ, ದಬ್ಬಣ ಸುತಲಿ ಹಿಡಿದು ಕೂತರೆ ಒಂದು ಗಂಟೆ.

ತೂತಾದ ಫೋಮ್ ಬ್ಲಾಕ್ ಎಸೆಯೋಣ ಅಂತ ಜಗಲಿ ಮೇಲೆ ಇಟ್ಟಿದ್ದೆ. ಮಾವ ನೋಡಿ ಎತ್ತಿಕೊಂಡು ಹೋದರು. ಈ ಸಲ ಅಡಿಕೆ ಸುಲಿಯುವಾಗ ಅದರ ಮೇಲೆಯೇ ಕೂತಿದ್ದರು, ತೂತಿನೊಳಗೆ ಎಲೆ-ಅಡಿಕೆ ಪೊಟ್ಟಣ.