ವಿಟಮಿನ್ ಡಿ ಕೊಟ್ಟರೆ ಮಗು ಉದ್ದ ಆಗುತ್ತಾ?

ಜೂನ್‌ನಲ್ಲಿ ಶಾಲೆ ಶುರುವಾಗಿ, ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದ ವಾರವೇ ಈ ಪ್ರಶ್ನೆ ಬರತೊಡಗುತ್ತದೆ: "ನಮ್ಮ ಹುಡುಗ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ತಾನೆ, ಅಷ್ಟು ಗಿಡ್ಡ. ವಿಟಮಿನ್ ಡಿ ಕೊಟ್ಟರೆ ಉದ್ದ ಆಗ್ತಾನಾ?" ಕೇಳುವವರ ಕೈಯಲ್ಲಿ ಒಂದು ಲ್ಯಾಬ್ ರಿಪೋರ್ಟ್ ಇರುತ್ತದೆ, ಇಲ್ಲವೇ ಮೆಡಿಕಲ್ ಶಾಪಿನಿಂದ ತಂದ ಸ್ಯಾಚೆ. ಮಗುವಿಗೆ ರಿಕೆಟ್ಸ್ (ಮೂಳೆ ಗಟ್ಟಿಯಾಗದೆ ಬಾಗುವ ಕಾಯಿಲೆ) ಇದ್ದರೆ, ಹೌದು. ಇಲ್ಲದಿದ್ದರೆ, ಇಲ್ಲ. ಇದಿಷ್ಟೇ ಉತ್ತರ. ಆದರೆ ಇದನ್ನು ಕೇಳಿದವರಿಗೆ ಸಮಾಧಾನ ಆಗುವುದಿಲ್ಲ, ಹಾಗಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಕೈಕಾಲಿನ ಉದ್ದ ಮೂಳೆಗಳ ತುದಿಯಲ್ಲಿ ಮೆದು ಎಲುಬಿನ ತೆಳು ಪದರವೊಂದಿರುತ್ತದೆ. ಡಾಕ್ಟರುಗಳು ಅದನ್ನು ಗ್ರೋತ್ ಪ್ಲೇಟ್ ಅನ್ನುತ್ತಾರೆ. ಅಲ್ಲಿನ ಕೋಶಗಳು ಒಂದರ ಮೇಲೊಂದು ಪೇರಿಸಿದಂತೆ ಹುಟ್ಟಿ, ಉಬ್ಬಿ, ಸಾಯುತ್ತವೆ; ಅವು ಬಿಟ್ಟ ಜಾಗಕ್ಕೆ ಕ್ಯಾಲ್ಸಿಯಂ ಮತ್ತು ರಂಜಕ ಕೂತು ಮೂಳೆ ಗಟ್ಟಿಯಾಗುತ್ತದೆ. ಇಲ್ಲಿ ವಿಟಮಿನ್ ಡಿಯ ಮುಖ್ಯ ಕೆಲಸ ಕರುಳಿನಿಂದ ಈ ಎರಡನ್ನೂ ರಕ್ತಕ್ಕೆ ದಾಟಿಸುವುದು. ಅದು ತೀರಾ ಕಡಿಮೆಯಾದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಏರಿ, ರಂಜಕ ಮೂತ್ರದಲ್ಲಿ ಸೋರಿಹೋಗುತ್ತದೆ. ರಂಜಕ ಇಲ್ಲದೆ ಆ ಉಬ್ಬಿದ ಕೋಶಗಳು ಸಾಯುವುದೇ ಇಲ್ಲ. ಪದರ ದಪ್ಪವಾಗುತ್ತಾ ಹೋಗುತ್ತದೆ, ಮಣಿಕಟ್ಟು ಅಗಲವಾಗುತ್ತದೆ, ಮೈಭಾರ ಹೊತ್ತ ಕಾಲು ಬಾಗುತ್ತದೆ. ಇದೇ ರಿಕೆಟ್ಸ್. ಇಂಥ ಮಗುವಿಗೆ ಚಿಕಿತ್ಸೆ ಕೊಟ್ಟರೆ ನಿಂತಿದ್ದ ಬೆಳವಣಿಗೆ ಮತ್ತೆ ಸಾಗುತ್ತದೆ, ಬಾಗಿದ ಕಾಲು ನೇರವಾಗುವುದರಿಂದಲೂ ಒಂದಷ್ಟು ಎತ್ತರ ಸಿಗುತ್ತದೆ.

ಆದರೆ ಆ ಕೋಶಗಳು ಎಷ್ಟು ಬೇಗ ಹುಟ್ಟಬೇಕು ಎಂಬುದನ್ನು ತೀರ್ಮಾನಿಸುವುದು ಅಪ್ಪ ಅಮ್ಮನಿಂದ ಬಂದ ಗುಣ, ಬೆಳವಣಿಗೆಯ ಹಾರ್ಮೋನು, ಥೈರಾಯ್ಡ್, ಹೊಟ್ಟೆಗೆ ಬಿದ್ದ ಅನ್ನ ಬೇಳೆ, ಪ್ರೌಢತೆ ಬರುವ ವಯಸ್ಸು. ವಿಟಮಿನ್ ಡಿ ಇಲ್ಲಿ ಸಾರಿಗೆ ಹಾಕುವ ಉಪ್ಪಿನ ಹಾಗೆ. ಇಲ್ಲದಿದ್ದರೆ ಸಾರು ಕೆಡುತ್ತದೆ ನಿಜ, ಇನ್ನೊಂದು ಚಮಚ ಹಾಕಿದರೆ ರುಚಿ ಇಮ್ಮಡಿ ಆಗುವುದಿಲ್ಲ.

ಇದು ಬರೀ ತರ್ಕ ಅಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. ಮಂಗೋಲಿಯಾದ ಉಲಾನ್‌ಬಾತರ್ ನಗರದಲ್ಲಿ 6ರಿಂದ 13 ವರ್ಷದ 8,851 ಶಾಲಾ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ವಾರಕ್ಕೆ 14,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಡಿ, ಉಳಿದವರಿಗೆ ಅದೇ ಥರ ಕಾಣುವ ಪೊಳ್ಳು ಗುಳಿಗೆ, 3 ವರ್ಷ ಕೊಟ್ಟರು. ಚಳಿದೇಶ, ಶುರುವಿನಲ್ಲಿ ಶೇ. 95ಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ವಿಟಮಿನ್ ಡಿ ಮಟ್ಟ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕೆಳಗಿತ್ತು. ಕೊನೆಗೆ ಡಿ ಪಡೆದವರ ರಕ್ತದಲ್ಲಿನ ಮಟ್ಟ ಚೆನ್ನಾಗಿ ಏರಿತು. ಎತ್ತರ, ತೂಕ, ಪ್ರೌಢತೆ ಯಾವುದರಲ್ಲೂ ಎರಡು ಗುಂಪುಗಳಿಗೆ ವ್ಯತ್ಯಾಸ ಇರಲಿಲ್ಲ. ರಿಕೆಟ್ಸ್ ಲಕ್ಷಣ ಇದ್ದ ಮಕ್ಕಳನ್ನು ಆ ಪರೀಕ್ಷೆಗೆ ಸೇರಿಸಿರಲಿಲ್ಲ ಎಂಬುದನ್ನು ಮರೆಯಬಾರದು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಶಾಲಾ ಮಕ್ಕಳಿಗೆ ವಾರಕ್ಕೆ 10,000 ಐಯು ಲೆಕ್ಕದಲ್ಲಿ 3 ವರ್ಷ ಕೊಟ್ಟಾಗಲೂ ಎತ್ತರ ಹೆಚ್ಚಲಿಲ್ಲ.

ಈಗ ಆ ರಿಪೋರ್ಟ್ ವಿಷಯ. ಪರೀಕ್ಷೆಯ ಹೆಸರು 25 ಹೈಡ್ರಾಕ್ಸಿ ವಿಟಮಿನ್ ಡಿ. ಭಾರತೀಯ ಮಕ್ಕಳ ತಜ್ಞರ ಸಂಘ ಐಎಪಿ ಹೇಳುವಂತೆ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಹೆಚ್ಚಿದ್ದರೆ ಸಾಕು, 12ರಿಂದ 20 ಸ್ವಲ್ಪ ಕಡಿಮೆ, 12ಕ್ಕಿಂತ ಕೆಳಗೆ ಕೊರತೆ. ಆದರೆ ಬಹಳಷ್ಟು ಲ್ಯಾಬ್‌ಗಳು 30ಕ್ಕಿಂತ ಕಡಿಮೆ ಇದ್ದದ್ದನ್ನೆಲ್ಲ ದಪ್ಪಕ್ಷರದಲ್ಲಿ ಅಚ್ಚು ಹಾಕಿ ಕೊಡುತ್ತವೆ. ಆ 30ರ ಗೆರೆ ಅಮೆರಿಕದ ಹಾರ್ಮೋನು ತಜ್ಞರ ಸಂಘ ಎಂಡೋಕ್ರೈನ್ ಸೊಸೈಟಿ 2011ರಲ್ಲಿ ಹಾಕಿದ್ದು. 2024ರಲ್ಲಿ ಆ ಸಂಸ್ಥೆಯೇ ಅದನ್ನು ಕೈಬಿಟ್ಟಿತು. ಲ್ಯಾಬಿನ ಕಾಗದ ಮಾತ್ರ ಬದಲಾಗಿಲ್ಲ. ಹಾಗಾಗಿ 24 ಅಂತ ಬಂದ ಮಗುವಿಗೆ ಕೊರತೆ ಇಲ್ಲ, ಆ ಮಗು ಗಿಡ್ಡವಾಗಿದ್ದರೆ ಕಾರಣ ಬೇರೆ ಕಡೆ ಹುಡುಕಬೇಕು. ನಿಜವಾದ ಕೊರತೆ ನಮ್ಮಲ್ಲಿ ಇಲ್ಲ ಎಂದಲ್ಲ: 2016–18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 5ರಿಂದ 9 ವರ್ಷದವರಲ್ಲಿ ಶೇ. 18, 10ರಿಂದ 19ರವರಲ್ಲಿ ಶೇ. 24 ಮಂದಿ 12ಕ್ಕಿಂತ ಕೆಳಗಿದ್ದರು. ವಿದೇಶದಲ್ಲಿರುವವರ ರಿಪೋರ್ಟಿನಲ್ಲಿ ನ್ಯಾನೋಮೋಲ್ ಲೆಕ್ಕ ಇದ್ದರೆ ಎರಡೂವರೆಯಿಂದ ಭಾಗಿಸಿ. 50 ಅಂದರೆ ನಮ್ಮ 20.

ದಿನಕ್ಕೆ ಬೇಕಾದದ್ದು 600 ಐಯು, ಅಂದರೆ 15 ಮೈಕ್ರೋಗ್ರಾಂ. ರಿಕೆಟ್ಸ್ ಖಚಿತವಾದರೆ 1ರಿಂದ 12 ವರ್ಷದವರಿಗೆ ಸಾಮಾನ್ಯವಾಗಿ ದಿನಕ್ಕೆ 3,000 ಐಯು, ಕನಿಷ್ಠ 12 ವಾರ, ಜೊತೆಗೆ ದಿನಕ್ಕೆ 500 ಮಿ.ಗ್ರಾಂ ಕ್ಯಾಲ್ಸಿಯಂ. ಆಮೇಲೆ ಮತ್ತೆ 600ಕ್ಕೆ ಇಳಿಸುತ್ತಾರೆ. ಡಾಕ್ಟರ ಉಸ್ತುವಾರಿ ಇಲ್ಲದೆ ದಿನವೂ ದಾಟಬಾರದ ಮಿತಿ 4ರಿಂದ 8 ವರ್ಷಕ್ಕೆ 3,000, 9ರ ಮೇಲೆ 4,000.

ಎಡವಟ್ಟು ಆಗುವುದು ಇಲ್ಲೇ. ಅಂಗಡಿಯಲ್ಲಿ ಸಿಗುವ ಸ್ಯಾಚೆಯಲ್ಲಿರುವುದು 60,000 ಐಯು. ತಿಂಗಳಿಗೊಂದು ಕೊಟ್ಟರೆ ದಿನಕ್ಕೆ 2,000 ಆಯಿತು. ವಾರಕ್ಕೊಂದು ಅಂದರೆ ದಿನಕ್ಕೆ ಸುಮಾರು 8,570. ವಾರಕ್ಕೊಂದರಂತೆ ಇಷ್ಟು ವಾರ ಅಂತ ಚೀಟಿಯಲ್ಲಿ ಬರೆದದ್ದನ್ನು ಮರೆತು, "ಶಕ್ತಿ ಬರುತ್ತೆ" ಅಂತ ವರ್ಷಗಟ್ಟಲೆ ಮುಂದುವರಿಸುವುದು ಒಂದು ಬಗೆ. ಇನ್ನೊಂದು ಇದಕ್ಕಿಂತ ಅಪಾಯದ್ದು: 5 ಮಿ.ಲೀ.ನ ಪುಟ್ಟ ಸೀಸೆಯಲ್ಲಿ ಬರುವ ದ್ರವದಲ್ಲಿ ಇಡೀ 60,000 ಐಯು ಇರುತ್ತದೆ, ಅದು ಒಂದೇ ಡೋಸ್. ಹಸುಗೂಸಿನ ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೆ 400 ಅಥವಾ 800. ಮೇಲುನೋಟಕ್ಕೆ ಎರಡೂ ಸಿರಪ್ಪೇ. ಕೆಮ್ಮಿನ ಔಷಧಿಯಂತೆ ದಿನಕ್ಕೊಂದು ಪುಟ್ಟ ಸೀಸೆ ಕುಡಿಸಿದರೆ ಕೆಲವೇ ವಾರಗಳಲ್ಲಿ ರಕ್ತದ ಕ್ಯಾಲ್ಸಿಯಂ ಏರಿ ಮಗು ಊಟ ಬಿಡುತ್ತದೆ, ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಶುರುವಾಗುತ್ತದೆ, ಕಿಡ್ನಿಗೆ ಪೆಟ್ಟು ಬೀಳುತ್ತದೆ. ಇದು ಕೊಬ್ಬಿನಲ್ಲಿ ಶೇಖರವಾಗುವ ವಿಟಮಿನ್, ನಿಲ್ಲಿಸಿದ ಮಾತ್ರಕ್ಕೆ ನಾಳೆಯೇ ಇಳಿಯುವುದಿಲ್ಲ. ಆದ್ದರಿಂದ ಸೀಸೆಯ ಮೇಲೆ 'ಐಯು' ಪಕ್ಕದ ಅಂಕಿಯನ್ನೂ, ಅದು ಎಷ್ಟು ಮಿ.ಲೀ.ಗೆ ಎಂಬುದನ್ನೂ ಎರಡು ಸಲ ಓದಿ. ಎತ್ತರಕ್ಕಾಗಿ 6 ಲಕ್ಷ ಐಯುವಿನ ಇಂಜೆಕ್ಷನ್ ಹಾಕಿಸುವುದಂತೂ ಬೇಡವೇ ಬೇಡ.

ಎಲ್ಲರೂ ಡಿ ಹಿಂದೆ ಬಿದ್ದು ಕ್ಯಾಲ್ಸಿಯಂ ಮರೆತಿದ್ದಾರೆ. 1999ರಲ್ಲಿ ಪ್ರಕಟವಾದ ನೈಜೀರಿಯಾದ ಅಧ್ಯಯನದಲ್ಲಿ, ಬಿಸಿಲು ಸಾಕಷ್ಟಿದ್ದ ಊರಿನ ಮಕ್ಕಳಿಗೇ ರಿಕೆಟ್ಸ್ ಬಂದಿತ್ತು. ಅವರ ಊಟದಲ್ಲಿ ಕ್ಯಾಲ್ಸಿಯಂ ದಿನಕ್ಕೆ ಸುಮಾರು 200 ಮಿ.ಗ್ರಾಂ ಮಾತ್ರ. ಬರೀ ವಿಟಮಿನ್ ಡಿ ಪಡೆದವರಿಗಿಂತ ಕ್ಯಾಲ್ಸಿಯಂ ಪಡೆದವರು ಬೇಗ ಗುಣವಾದರು. ಅನ್ನ, ಸಾರು, ಬಿಸ್ಕತ್ತಿನಲ್ಲೇ ದಿನ ಕಳೆಯುವ ನಮ್ಮ ಮಗುವಿನ ಲೆಕ್ಕವೂ ಅಲ್ಲೇ ಎಲ್ಲೋ ನಿಲ್ಲುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಪ್ರಕಾರ ದಿನಕ್ಕೆ ಬೇಕಾದದ್ದು 7–9 ವರ್ಷಕ್ಕೆ 650 ಮಿ.ಗ್ರಾಂ, 10–12ಕ್ಕೆ 850, 13–15ಕ್ಕೆ 1,000.

ಎಂಟು ವರ್ಷದ ಮಗುವಿನ ಒಂದು ದಿನ ಹೀಗಿರಲಿ: 200 ಮಿ.ಲೀ. ಹಾಲಿನಿಂದ 240 ಮಿ.ಗ್ರಾಂ, 50 ಗ್ರಾಂ ಹಿಟ್ಟಿನ ಪುಟ್ಟ ರಾಗಿಮುದ್ದೆಯಿಂದ ಸುಮಾರು 175, ಒಂದು ಸಣ್ಣ ಬಟ್ಟಲು ಮೊಸರಿನಿಂದ 120ರಿಂದ 150, ಎರಡು ಚಮಚ ಎಳ್ಳಿನ ಚಟ್ನಿಪುಡಿಯಿಂದ 100ರ ಆಸುಪಾಸು. ಮುಗಿಯಿತು, ಟಾನಿಕ್ಕಿನ ಹಂಗಿಲ್ಲ. ರಾಗಿಯಲ್ಲಿರುವ ಫೈಟೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿಸಿದರೆ ಅದು ತಗ್ಗುತ್ತದೆ. ಎಳ್ಳಿನ ಕ್ಯಾಲ್ಸಿಯಂ ಬಹುಪಾಲು ಇರುವುದು ಸಿಪ್ಪೆಯಲ್ಲಿ, ಹಾಗಾಗಿ ಸಿಪ್ಪೆ ತೆಗೆದ ಬೆಳ್ಳನೆಯ ಎಳ್ಳಿಗೆ ಈ ಲೆಕ್ಕ ಹೊಂದುವುದಿಲ್ಲ. ಪಾಲಕ್ ಸೊಪ್ಪಿನಲ್ಲಿ ಆಕ್ಸಲೇಟ್ ಜಾಸ್ತಿ, ಮೈಗೆ ಸೇರುವ ಕ್ಯಾಲ್ಸಿಯಂ ತೀರಾ ಕಡಿಮೆ, ನುಗ್ಗೆಸೊಪ್ಪು ವಾಸಿ. ಜೋಳದಲ್ಲಿ ಕ್ಯಾಲ್ಸಿಯಂ ಅಷ್ಟಕ್ಕಷ್ಟೇ, ಆದ್ದರಿಂದ ರೊಟ್ಟಿ ಉಣ್ಣುವ ಸೀಮೆಯಲ್ಲಿ ಗಟ್ಟಿ ಮೊಸರು ತಪ್ಪಿಸಬಾರದು. ಸಜ್ಜೆ ರೊಟ್ಟಿಗೆ ಎಳ್ಳು ಮೆತ್ತುವುದನ್ನು ಸಂಕ್ರಾಂತಿಗಷ್ಟೇ ಮೀಸಲಿಡಬೇಕಾಗಿಲ್ಲ. ಕರಾವಳಿಯವರಿಗೆ ಮುಳ್ಳುಸಮೇತ ಅಗಿದು ತಿನ್ನುವಂತೆ ಬೇಯಿಸಿದ ಬೂತಾಯಿ ಇದೆ, ಅದರಲ್ಲಿ ಡಿಯೂ ಇದೆ. ಸಿರಪ್ಪೇ ಕೊಡುವುದಾದರೆ ಲೇಬಲ್ಲಿನಲ್ಲಿ ನೋಡಿ: 625 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಅಂದರೆ ಸಿಗುವ ಕ್ಯಾಲ್ಸಿಯಂ 250 ಮಾತ್ರ. ಊಟದ ಜೊತೆ ಕೊಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ನುಂಗಿಸುವ ಕಬ್ಬಿಣದ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ, ಕ್ಯಾಲ್ಸಿಯಂ ಕಬ್ಬಿಣವನ್ನು ಸರಿಯಾಗಿ ಹೀರಲು ಬಿಡುವುದಿಲ್ಲ.

ಬಿಸಿಲಿನ ಬಗ್ಗೆ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಕೂತಿದೆ: ಬೆಳಗಿನ ಎಳೆಬಿಸಿಲೇ ಒಳ್ಳೆಯದು ಅಂತ. ಕಣ್ಣಿಗೆ ಹಿತ, ನಿಜ. ಚರ್ಮದಲ್ಲಿ ವಿಟಮಿನ್ ಡಿ ತಯಾರಿಸುವ ಯುವಿಬಿ ಕಿರಣ ಏಳು ಗಂಟೆಗೆ ನೆಲ ಮುಟ್ಟುವುದು ಅತ್ಯಲ್ಪ. ಗಡಿಯಾರ ಬೇಡ, ಮಗುವಿನ ನೆರಳು ನೋಡಿ. ನೆರಳು ಮಗುವಿಗಿಂತ ಗಿಡ್ಡ ಇದ್ದಾಗ ಕೆಲಸ ನಡೆಯುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ಡಿಸೆಂಬರಿನಲ್ಲಿ ಅದು ಸರಿಸುಮಾರು ಹತ್ತೂವರೆಯಿಂದ ಎರಡು, ಮಾರ್ಚ್ ಹೊತ್ತಿಗೆ ಹತ್ತರಿಂದ ಮೂರು. ಮುಖ, ಕೈ, ಮೊಣಕಾಲ ಕೆಳಗೆ ಬಿಸಿಲು ತಾಕುವಂತೆ ವಾರದಲ್ಲಿ ಹೆಚ್ಚಿನ ದಿನ ಅರ್ಧ ಗಂಟೆ ಆಟ ಸಾಕು. ಕಪ್ಪು ಬಣ್ಣದ ಮಕ್ಕಳಿಗೆ ಇನ್ನೂ ಸ್ವಲ್ಪ ಹೊತ್ತು ಬೇಕು. ಗಾಜು ಯುವಿಬಿಯನ್ನು ತಡೆಯುತ್ತದೆ, ಸ್ಕೂಲ್ ಬಸ್ಸಿನ ಕಿಟಕಿ ಮುಚ್ಚಿ ಕೂತ ಬಿಸಿಲು ಲೆಕ್ಕಕ್ಕಿಲ್ಲ. ಪಿ.ಟಿ. ಪೀರಿಯಡ್ಡನ್ನು ಕೊನೆಯ ಗಂಟೆಗೆ ತಳ್ಳುವ ಶಾಲೆಗಳು ಅದನ್ನು ಊಟಕ್ಕೆ ಮುಂಚೆ ತಂದರೆ ಸ್ಯಾಚೆಗಿಂತ ದೊಡ್ಡ ಉಪಕಾರ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ಆಗದ ಮಾತು. ಆಗ 400–600 ಐಯು ಡ್ರಾಪ್ಸ್ ಕೊಡುವುದರಲ್ಲಿ ತಪ್ಪಿಲ್ಲ. ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ದಿನಕ್ಕೆ 400 ಐಯು ಎಂದು ಅಲ್ಲಿನ ಸರ್ಕಾರವೇ ಹೇಳುತ್ತದೆ.

ಊಟದಿಂದ ಸಿಗುವ ಡಿ ಸ್ವಲ್ಪವೇ. ಒಂದು ಮೊಟ್ಟೆಯಲ್ಲಿ ಸುಮಾರು 40 ಐಯು, ಅದೂ ಹಳದಿಯಲ್ಲಿ. ನೀಲಿ '+ಎಫ್' (ವಿಟಮಿನ್ ಬೆರೆಸಿದ್ದು ಎಂಬ) ಗುರುತಿರುವ ಹಾಲಿನಲ್ಲಿ ಲೀಟರಿಗೆ 200ರಿಂದ 300, ಅಂದರೆ ಲೋಟಕ್ಕೆ 40–60. ಅದೇ ಗುರುತಿನ ಎಣ್ಣೆ ದಿನಕ್ಕೆ 20 ಗ್ರಾಂ ಹೊಟ್ಟೆಗೆ ಹೋದರೆ ನೂರರ ಆಸುಪಾಸು.

ಇನ್ನು ಎತ್ತರ ನಿಜವಾಗಿಯೂ ಕಡಿಮೆಯೇ? ಸಾಲಿನಲ್ಲಿ ಮುಂದೆ ನಿಲ್ಲುವುದು ರೋಗ ಅಲ್ಲ, ಯಾರಾದರೂ ಮುಂದೆ ನಿಲ್ಲಲೇಬೇಕಲ್ಲ! ನೋಡಬೇಕಾದದ್ದು ವರ್ಷಕ್ಕೆ ಎಷ್ಟು ಬೆಳೆದರು ಎಂಬುದನ್ನು. ಚಪ್ಪಲಿ, ಜಡೆಯ ಗಂಟು, ಕ್ಲಿಪ್ ತೆಗೆಸಿ. ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗಲಿ, ಕಣ್ಣು ನೇರ ಮುಂದಕ್ಕೆ. ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಮೂಲೆಮಟ್ಟವಾಗಿ ಒತ್ತಿ ತಲೆಯ ಮೇಲೆ ಇಳಿಸಿ, ಪೆನ್ಸಿಲ್ ಗೆರೆ ಹಾಕಿ, ಟೇಪಿನಿಂದ ಅಳೆಯಿರಿ. ಸಂಜೆ ಹೊತ್ತಿಗೆ ಬೆನ್ನುಮೂಳೆ ಕುಗ್ಗಿ ಒಂದು ಸೆಂ.ಮೀ.ವರೆಗೂ ವ್ಯತ್ಯಾಸ ಬರುತ್ತದೆ, ಆದ್ದರಿಂದ ಪ್ರತಿ ಸಲವೂ ಬೆಳಿಗ್ಗೆಯೇ ಇರಲಿ. ತಿಂಗಳಿಗೊಮ್ಮೆ ಅಳೆದು ಗಾಬರಿಯಾಗಬೇಡಿ: ಮೂರು ತಿಂಗಳಲ್ಲಿ ಅರ್ಧ ಸೆಂ.ಮೀ. ತಪ್ಪಿದರೆ ವರ್ಷದ ಲೆಕ್ಕದಲ್ಲಿ ಎರಡು ಸೆಂ.ಮೀ. ತಪ್ಪುತ್ತದೆ. ಆರು ತಿಂಗಳಿಗೊಮ್ಮೆ ಸಾಕು.

ಐದು ವರ್ಷದಿಂದ ಪ್ರೌಢತೆಯವರೆಗೆ ವರ್ಷಕ್ಕೆ 5ರಿಂದ 6 ಸೆಂ.ಮೀ. ಸಹಜ. 4ಕ್ಕಿಂತ ಕಡಿಮೆ ಬಂದರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಅವರು ಥೈರಾಯ್ಡ್, ರಕ್ತಹೀನತೆ, ಮೂಳೆಯ ವಯಸ್ಸಿನ ಎಕ್ಸ್‌ರೇ ನೋಡುತ್ತಾರೆ, ಹೆಣ್ಣುಮಗುವಾದರೆ ಟರ್ನರ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ಕ್ರೋಮೋಸೋಮ್ ದೋಷ) ಬಗ್ಗೆಯೂ ಯೋಚಿಸುತ್ತಾರೆ. ಅಗಲವಾದ ಮಣಿಕಟ್ಟು, ಬಾಗಿದ ಕಾಲು, ಏಳು ವರ್ಷ ದಾಟಿದರೂ ಒಂದಕ್ಕೊಂದು ತಾಗುವ ಮೊಣಕಾಲು, ಮೆಟ್ಟಿಲು ಹತ್ತಲು ತೊಡೆ ಹಿಡಿದುಕೊಳ್ಳುವುದು, ಫಿಟ್ಸ್ ಮಾತ್ರೆ ದಿನವೂ ನುಂಗುತ್ತಿರುವುದು, ಇವು ಇದ್ದರೆ ವಿಟಮಿನ್ ಡಿ ಪರೀಕ್ಷೆಗೆ ಅರ್ಥವಿದೆ. ಹೋಗುವಾಗ ಅಳತೆ ಬರೆದ ಕಾಗದದ ಜೊತೆ ಈವರೆಗೆ ಕೊಟ್ಟ ಸ್ಯಾಚೆ, ಸೀಸೆಗಳ ಖಾಲಿ ಡಬ್ಬಿಗಳನ್ನೂ ತೆಗೆದುಕೊಂಡು ಹೋಗಿ.